ಹದಿನೇಳು ಇಂಚಿನ ಆಸೆ, ಐದು ಸಾವಿರದ ದಂಡ

ಹಗಲು ನಾನು ಮಂಗಳೂರಿನ ಒಂದು ಟೈರ್ ಅಂಗಡಿಯಲ್ಲಿ ಕಾರುಗಳಿಗೆ ಅಲಾಯ್ ವೀಲ್ ಕೂರಿಸುತ್ತೇನೆ. ರಾತ್ರಿ ರೂಮಿಗೆ ಬಂದು ಮೋಟಾರು ವಾಹನ ನಿರೀಕ್ಷಕರ ಹುದ್ದೆಯ ಪರೀಕ್ಷೆಗೆ ಓದುತ್ತೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಹಗಲು ಮಾಡುವ ಕೆಲಸಕ್ಕೆ ರಾತ್ರಿ ಓದುವ ಪುಸ್ತಕದಲ್ಲಿ ದಂಡ ಬರೆದಿದೆ ಎಂಬುದು ನನಗೆ ಗೊತ್ತಾಗಿದ್ದು ತಡವಾಗಿ. ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದೇ ವರ್ಷ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು.

ಆದರೆ ಅಂಗಡಿಗೆ ಬರುವ ಹುಡುಗರು ಕಡಿಮೆಯಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮೊದಲು 8,000 ರೂಪಾಯಿ ಇರುವ ಟೈರಿಗೆ ಮೊದಲು 10,240 ಕೊಡಬೇಕಿತ್ತು, ಈಗ 9,440. ನಾಲ್ಕಕ್ಕೆ 3,200 ರೂಪಾಯಿ ಉಳಿತಾಯ. ಉಳಿದ ಹಣವನ್ನು ಮನೆಗೆ ಒಯ್ಯುವವರು ಅಪರೂಪ. 'ಹಾಗಾದ್ರೆ ಒಂದು ಇಂಚು ದೊಡ್ಡದು ಹಾಕಿಬಿಡಿ ಅಣ್ಣ' ಎನ್ನುವವರೇ ಹೆಚ್ಚು. ಸ್ಪೋರ್ಟ್ಸ್ ಕಾರು ಕೊಳ್ಳಲು ಆಗದವರು ಇರುವ ಕಾರನ್ನೇ ಸ್ಪೋರ್ಟ್ಸ್ ಕಾರು ಮಾಡಲು ಹೊರಡುವುದು ಚಕ್ರದಿಂದಲೇ. ರೀಲ್ಸ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ ತಾನೆ.

ನನ್ನ ಚಿಕ್ಕಪ್ಪನ ಮಗನೂ ಹೀಗೇ ಬಂದವನು. ಮೊದಲ ಕೆಲಸ ಸಿಕ್ಕ ವರ್ಷವೇ ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡ. ಅದರಲ್ಲಿ ಕಂಪನಿಯೇ ಕೊಟ್ಟ 185/60 ಆರ್15 ಟೈರ್ ಇತ್ತು. 'ಅಣ್ಣ, ಇದು ಅಜ್ಜನ ಕಾರಿನ ಚಕ್ರದ ಹಾಗೆ ಕಾಣ್ತದೆ' ಎಂದು 17 ಇಂಚಿನ ರಿಮ್ಮಿಗೆ 205/40 ಟೈರ್ ಆರಿಸಿದ. ರಿಮ್ಮೂ ಟೈರೂ ಸೇರಿ 72,000 ರೂಪಾಯಿ, 18 ಕಂತು. ಕೂರಿಸಿದ್ದು ನಾನೇ. ಆ ಸೆಟ್ಟಿಗೆ ಅಂಗಡಿಯಿಂದ ನನಗೆ ಸಣ್ಣದೊಂದು ಕಮಿಷನ್ ಕೂಡ ಸಿಕ್ಕಿತು.

ಜುಲೈ ತಿಂಗಳಲ್ಲಿ ನಾಮಕರಣವೊಂದಕ್ಕೆ ಹಾಸನಕ್ಕೆ ಹೊರಟಿದ್ದೆವು. ಅವನು, ಚಿಕ್ಕಪ್ಪ, ಚಿಕ್ಕಮ್ಮ, ಹಿಂದಿನ ಸೀಟಿನಲ್ಲಿ ನಾನು, ಡಿಕ್ಕಿ ತುಂಬ ಸಾಮಾನು. ಶಿರಾಡಿ ಘಾಟಿಯಲ್ಲಿ ಮಳೆ ನೀರು ತುಂಬಿದ ಗುಂಡಿ ರಸ್ತೆಯ ಹಾಗೆಯೇ ಕಂಡಿತು. 'ಧಡ್' ಎಂದದ್ದಷ್ಟೇ ಗೊತ್ತು. ಮುಂದಿನ ಎಡ ಚಕ್ರದ ಗಾಳಿ ಕ್ಷಣದಲ್ಲಿ ಹೋಯಿತು, ಕಾರು ಚರಂಡಿಯತ್ತ ಎಳೆಯಿತು, ಅದರ ಅಂಚಿನಲ್ಲಿ ನಿಂತಿತು. ಬಲಕ್ಕೆ ಎಳೆದಿದ್ದರೆ ಎದುರಿನಿಂದ ಲಾರಿ ಬರುತ್ತಿತ್ತು. ಚಿಕ್ಕಮ್ಮ ಒಂದು ಮಾತೂ ಆಡದೆ ಇಳಿದು, ಮಳೆಯಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತರು. ರಿಮ್ಮಿನ ಅಂಚು ಮಡಚಿತ್ತು, ಟೈರಿನ ಪಕ್ಕ ಸೀಳಿತ್ತು.

ಗುಂಡಿಯ ತಪ್ಪು ಇಲ್ಲವೆಂದಲ್ಲ. ಆದರೆ ಅದೇ ಗುಂಡಿಗೆ ನಮ್ಮ ಮುಂದಿನ ಹಳೆಯ ಟ್ಯಾಕ್ಸಿಯೂ ಬಿದ್ದಿತ್ತು. ಅದು ಎದ್ದು ಹೋಯಿತು.

ರಾತ್ರಿ ಕೂತು ಲೆಕ್ಕ ಹಾಕಿದೆ. ಕೂರಿಸುವ ಮೊದಲು ಹಾಕಬೇಕಿದ್ದ ಲೆಕ್ಕ. 185/60 ಆರ್15 ಎಂದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅಗಲದ ಶೇ 60, ಅಂದರೆ 111 ಮಿ.ಮೀ. ರಿಮ್ 15 ಇಂಚು. 205/40ರಲ್ಲಿ ಆ ಗೋಡೆ 82 ಮಿ.ಮೀ. ಮಾತ್ರ. ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಇದ್ದ ರಬ್ಬರ್ ಮತ್ತು ಗಾಳಿಯಲ್ಲಿ 29 ಮಿ.ಮೀ. ನಾವೇ ದುಡ್ಡು ಕೊಟ್ಟು ತೆಗೆಸಿದ್ದೆವು. ಒಟ್ಟು ವ್ಯಾಸ ಮಾತ್ರ 603ರಿಂದ 596ಕ್ಕೆ ಇಳಿದಿತ್ತು, ಅದೇನೂ ದೊಡ್ಡ ವ್ಯತ್ಯಾಸವಲ್ಲ. ನಮ್ಮ ಅಂಗಡಿಯಲ್ಲಿ ನೋಡುವುದೂ ಅದೊಂದನ್ನೇ. 'ವ್ಯಾಸ ಸರಿ ಬಂತಲ್ಲ, ಕೂರ್ತದೆ' ಎನ್ನುತ್ತೇವೆ.

ಗಾತ್ರದ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಹಳೆಯ ಟೈರಿನಲ್ಲಿ 84 ಎಂದಿತ್ತು. ಒಂದು ಟೈರ್ 500 ಕಿಲೊ ಹೊರಬಲ್ಲದು ಎಂದರ್ಥ. ನಾವು ಹಾಕಿದ್ದರಲ್ಲಿ 80, ಅಂದರೆ 450 ಕಿಲೊ. ಅದೇ ಗಾತ್ರದಲ್ಲಿ ಎಕ್ಸ್‌ಎಲ್ ಎಂದು ಬರೆದ ಗಟ್ಟಿ ಟೈರ್ ತೆಗೆದುಕೊಂಡಿದ್ದರೆ 84 ಸಿಗುತ್ತಿತ್ತು, ಆದರೆ ಅದಕ್ಕೆ ಗಾಳಿ ಹೆಚ್ಚು ಬೇಕು. ನಾವು ಗಾಳಿ ಹಾಕಿದ್ದು ಬಾಗಿಲ ಕಂಬದ ಮೇಲೆ ಹಳೆಯ ಗಾತ್ರಕ್ಕೆಂದು ಅಂಟಿಸಿದ್ದ ಸ್ಟಿಕ್ಕರ್ ನೋಡಿ. ನಾಲ್ಕು ಜನ, ತುಂಬಿದ ಡಿಕ್ಕಿ, ಮುಂದೆ ಎಂಜಿನ್ನಿನ ಭಾರ.

ಆಫ್‌ಸೆಟ್ ಇನ್ನೂ ಮೋಸದ್ದು. ರಿಮ್ಮಿನ ನಟ್ಟನಡುವಿನ ಗೆರೆಯಿಂದ ಬೋಲ್ಟ್ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಆಫ್‌ಸೆಟ್. ಮೊದಲಿನ ರಿಮ್ ಆರು ಇಂಚು ಅಗಲ, ಆಫ್‌ಸೆಟ್ 38. ಹೊಸದು ಏಳು ಇಂಚು ಅಗಲ, ಆಫ್‌ಸೆಟ್ 20. ಲೆಕ್ಕ ಹಾಕಿದರೆ ಚಕ್ರದ ಹೊರ ಅಂಚು ಸುಮಾರು 31 ಮಿ.ಮೀ. ಹೊರಗೆ ಬಂದಿತ್ತು. ನೋಡಲು ಚೆನ್ನಾಗಿ ಕಾಣಿಸಿದ್ದು ಅದರಿಂದಲೇ. ಬೇರಿಂಗ್ ಮೇಲೆ ಹೆಚ್ಚುವರಿ ಒತ್ತಡ ಬಿದ್ದದ್ದು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಉಜ್ಜಿದ್ದು, ಮಳೆಯಲ್ಲಿ ಕೆಸರೆಲ್ಲ ಬಾಗಿಲಿಗೆ ಹಾರಿದ್ದು ಕೂಡ ಅದರಿಂದಲೇ.

ನಿಜವಾದ ಸ್ಪೋರ್ಟ್ಸ್ ಕಾರು ಮಾಡುವವರು ಏನು ಮಾಡುತ್ತಾರೆ ನೋಡೋಣ. ಒಮ್ಮೆ ನಮ್ಮ ಅಂಗಡಿಗೆ ಪೋರ್ಷೆ 718 ಒಂದು ಅಲೈನ್‌ಮೆಂಟ್‌ಗೆ ಬಂದಿತ್ತು. ಆ ಕಾರಿಗೆ ಕಂಪನಿಯೇ 18, 19, 20 ಇಂಚಿನ ಚಕ್ರಗಳನ್ನು ಕೊಡುತ್ತಿತ್ತು. ಮುಂದಿನ ಟೈರ್ ಕ್ರಮವಾಗಿ 235/45, 235/40, 235/35. ಮೂರರ ವ್ಯಾಸ ತೆಗೆದರೆ ಸುಮಾರು 669, 671, 673 ಮಿ.ಮೀ. ಬರುತ್ತದೆ. ರಿಮ್ ಎರಡು ಇಂಚು ದೊಡ್ಡದಾದರೂ ವ್ಯಾಸದಲ್ಲಿ ನಾಲ್ಕು ಮಿ.ಮೀ. ವ್ಯತ್ಯಾಸ, ಅಗಲದಲ್ಲಿ ಏನೂ ಇಲ್ಲ. ಹಿಂದಿನದು ಮೂರರಲ್ಲೂ 265. ಸಸ್ಪೆನ್ಷನ್, ಎಬಿಎಸ್, ಸ್ಪೀಡೊಮೀಟರ್ ಎಲ್ಲವೂ ಆ ಅಳತೆಯ ಸುತ್ತ ಕಟ್ಟಿದ್ದು. ನಮ್ಮ ಸ್ವಿಫ್ಟ್ ಕೂಡ ಬೇರೆಯಲ್ಲ. 2018ರ ಮಾದರಿಯ ಕೆಳಗಿನ ವೇರಿಯಂಟಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ವ್ಯಾಸ 620 ಮತ್ತು 621.5. ನಮ್ಮಲ್ಲಿ ಶೋಕಿ ಎನಿಸಿಕೊಳ್ಳುವ ಅಪ್‌ಸೈಜ್ ಅವರಲ್ಲಿ ಅಳತೆಯ ಕೆಲಸ.

ಅಗಲದ ಬಗ್ಗೆ ನನ್ನ ನಂಬಿಕೆಯನ್ನು ಪೂರ್ತಿ ಬದಲಿಸಿದ್ದು ನಮ್ಮಲ್ಲಿ ಮಾರಾಟಕ್ಕೇ ಬರದ ಟೊಯೋಟಾ 86. 2012ರಲ್ಲಿ ಬಂದ ಈ ಸ್ಪೋರ್ಟ್ಸ್ ಕಾರಿಗೆ ಕಂಪನಿ ಕೊಟ್ಟದ್ದು 215/45 ಆರ್17 ಗಾತ್ರದ, ಪ್ರಿಯಸ್ ಎಂಬ ಹೈಬ್ರಿಡ್ ಕಾರಿಗೂ ಬಳಸಿದ್ದ ಸಾಧಾರಣ ಮಿಶೆಲಿನ್ ಟೈರ್. ಜಿಪುಣತನದಿಂದಲ್ಲ. ಹಿಡಿತ ಕಡಿಮೆ ಇದ್ದರೆ ಕಾರು ಜಾರಲು ಶುರುವಾಗುವುದು ಕಡಿಮೆ ವೇಗದಲ್ಲೇ ಚಾಲಕನ ಕೈಗೆ ಗೊತ್ತಾಗುತ್ತದೆ ಎಂಬುದು ಅದನ್ನು ವಿನ್ಯಾಸ ಮಾಡಿದ ತೆತ್ಸುಯಾ ತಾದಾ ಅವರ ತಂಡದ ಲೆಕ್ಕಾಚಾರ. ಮಜ್ದಾ ಎಂಎಕ್ಸ್-5 ಕಾರಿನ 1989ರ ಮಾದರಿಯಲ್ಲಿ 185 ಅಗಲದ ಟೈರ್, 2015ರಲ್ಲಿ ಬಂದ ಮಾದರಿಯ ಚಿಕ್ಕ ಗಾತ್ರದಲ್ಲಿ 195. ಇಪ್ಪತ್ತಾರು ವರ್ಷದಲ್ಲಿ ಹತ್ತು ಮಿ.ಮೀ.! ನಮ್ಮ ಅಂಗಡಿಯಲ್ಲಿ ಒಂದೇ ಮಧ್ಯಾಹ್ನ ಇಪ್ಪತ್ತು ಮಿ.ಮೀ. ಹೆಚ್ಚಿಸಿ ಕಳಿಸುತ್ತೇವೆ. ಅದೂ ಮಳೆಗಾಲವಿಡೀ ನೀರು ನಿಲ್ಲುವ ಕರಾವಳಿಯ ರಸ್ತೆಗೆ. ಟೈರ್ ಅಗಲವಾದಷ್ಟೂ ಅದು ನೀರನ್ನು ಪಕ್ಕಕ್ಕೆ ತಳ್ಳಲು ಕಷ್ಟಪಡುತ್ತದೆ, ನೀರಿನ ಮೇಲೆ ತೇಲುವುದು ಬೇಗ.

ಹಾಗಾದರೆ ಕಾನೂನು ಸರಿಯಾಗಿಯೇ ಇದೆಯಲ್ಲ, ಎಲ್ಲವನ್ನೂ ನಿಲ್ಲಿಸಿಬಿಡಲಿ ಎನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಖಾಸಗಿ ಕಾರಿನ ಆರ್‌ಸಿ ಕಾರ್ಡ್ ತೆಗೆದು ನೋಡಿ, ಎಂಜಿನ್ ನಂಬರ್ ಇದೆ, ಬಣ್ಣ ಇದೆ, ಟೈರ್ ಗಾತ್ರ ಇಲ್ಲ. ಕಂಪನಿಯೇ ಮೇಲಿನ ವೇರಿಯಂಟಿಗೆ ಕೊಡುವ ಗಾತ್ರವನ್ನು ಕೆಳಗಿನ ವೇರಿಯಂಟಿಗೆ ಹಾಕಿದವನನ್ನೂ, ನಮ್ಮ ಹಾಗೆ 31 ಮಿ.ಮೀ. ಹೊರಗೆ ತಂದವನನ್ನೂ ರಸ್ತೆಯಲ್ಲಿ ಬೇರ್ಪಡಿಸುವುದು ಅಧಿಕಾರಿಯ ಕಣ್ಣಳತೆ. ಟೈರಿಗೆ ಐಎಸ್‌ಐ ಗುರುತು ಕಡ್ಡಾಯ, ಅಲಾಯ್ ರಿಮ್ಮಿಗೂ ಬಿಐಎಸ್ ಮಾನದಂಡ ಇದೆ. ಆದರೆ ಆ ಗುರುತು ಹೇಳುವುದು ವಸ್ತು ಗಟ್ಟಿ ಇದೆ ಎಂದಷ್ಟೇ, ನಿಮ್ಮ ಕಾರಿಗೆ ಹೊಂದುತ್ತದೆ ಎಂದಲ್ಲ.

ಜರ್ಮನಿಯಲ್ಲಿ ಬೇರೆ ಕಂಪನಿಯ ಚಕ್ರ ಹಾಕುವುದಕ್ಕೆ ದಾರಿ ಇದೆ. ಚಕ್ರ ತಯಾರಿಸುವವರು ಅದನ್ನು ಇಂಥಿಂಥ ಕಾರಿಗೆ, ಇಂಥಿಂಥ ಟೈರ್ ಗಾತ್ರಕ್ಕೆ ಎಂದು ಪರೀಕ್ಷೆ ಮಾಡಿಸಿ, ಆ ಕಾಗದವನ್ನು ಚಕ್ರದ ಜೊತೆಗೇ ಕೊಡುತ್ತಾರೆ. ಬೇಕಾದ ಕಡೆ ಟ್ಯೂಫ್‌ನಂಥ ತಪಾಸಣಾ ಸಂಸ್ಥೆಯ ಪರಿಣತರು ಕಾರನ್ನು ನೋಡಿ ಒಪ್ಪಿದ ಮೇಲೆ ಅದು ವಾಹನದ ದಾಖಲೆಯಲ್ಲಿ ಸೇರುತ್ತದೆ. ಕಾಗದ ಇಲ್ಲದ ಚಕ್ರ ಅಲ್ಲಿ ರಸ್ತೆಗೆ ಇಳಿಯುವಂತಿಲ್ಲ. ನಮ್ಮಲ್ಲಿ ಕಾನೂನು 'ಬೇಡ' ಎನ್ನುತ್ತದೆ, ಅಂಗಡಿ 'ಬನ್ನಿ' ಎನ್ನುತ್ತದೆ, 'ಎಷ್ಟರವರೆಗೆ ಸರಿ' ಎಂದು ಹೇಳುವವರು ಯಾರೂ ಇಲ್ಲ. ಪ್ರತಿ ಮಾದರಿಗೆ ಒಪ್ಪುವ ಟೈರ್ ಗಾತ್ರ, ರಿಮ್ ಅಗಲ, ಆಫ್‌ಸೆಟ್, ಭಾರದ ಅಂಕಿ ಇವಿಷ್ಟನ್ನು ತಯಾರಕರಿಂದ ಪಡೆದು ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಹಾಕುವುದು ದೊಡ್ಡ ಕೆಲಸವೇನಲ್ಲ. ಪಟ್ಟಿಯೊಳಗೆ ಇದ್ದರೆ ಬಿಲ್ ತೋರಿಸಿ ದಾಖಲಿಸಿಕೊಳ್ಳಲಿ, ಹೊರಗಿದ್ದರೆ ದಂಡ ಹಾಕಲಿ. ಕೂರಿಸಿದ ಅಂಗಡಿಗೂ ಹಾಕಲಿ. ನನ್ನ ಹೊಟ್ಟೆಪಾಡಿಗೆ ವಿರುದ್ಧವಾದರೂ ಇದನ್ನು ಹೇಳಲೇಬೇಕು.

ಗಾತ್ರ ಆರಿಸುವಾಗ ಮಾರುಕಟ್ಟೆಯನ್ನೂ ನೋಡಬೇಕಾಗಿದೆ. 2020ರ ಜೂನ್‌ನಿಂದ ಹೊಸ ಟೈರ್ ಆಮದಿಗೆ ಸರ್ಕಾರದ ಪರವಾನಗಿ ಬೇಕು. ದೇಶದ ಕಾರ್ಖಾನೆಗಳಿಗೆ ಇದರಿಂದ ಅನುಕೂಲವಾಯಿತು, ಮೈಸೂರಿನಲ್ಲಿ ಟೈರ್ ಕಾರ್ಖಾನೆ ಇರುವ ರಾಜ್ಯದವನಾಗಿ ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಇಲ್ಲಿ ಹೆಚ್ಚು ತಯಾರಾಗದ ಗಾತ್ರವನ್ನು ಆರಿಸಿಕೊಂಡರೆ ಒಂದು ಟೈರ್ ಹೋದಾಗ ಜೋಡಿ ಸಿಗುವುದು ಕಷ್ಟ. ಆ ಪೋರ್ಷೆಯವರು ಹಿಂದಿನ ಎರಡು ಟೈರಿಗೆ ಆರು ವಾರ ಕಾದೆ ಎಂದಿದ್ದರು. ಅವರಿಗೆ ಓಡಾಡಲು ಇನ್ನೊಂದು ಕಾರಿತ್ತು.

ತಮ್ಮನಿಗೆ ಇರಲಿಲ್ಲ. ವಿಮೆಯಿಂದಲೂ ಏನೂ ಸಿಗಲಿಲ್ಲ. ಹೊಸ ಚಕ್ರದ ವಿಷಯ ಅವನು ತಿಳಿಸಿರಲಿಲ್ಲ, ಮತ್ತು ಸಾಮಾನ್ಯ ಪಾಲಿಸಿಯಲ್ಲಿ ಕಾರಿಗೆ ಬೇರೆ ಹಾನಿಯಾಗದೆ ಟೈರ್ ಮಾತ್ರ ಹಾಳಾದರೆ ಪರಿಹಾರವೇ ಇರುವುದಿಲ್ಲ. ಪುಣ್ಯಕ್ಕೆ ಹಳೆಯ 15 ಇಂಚಿನ ರಿಮ್ಮುಗಳನ್ನು ಮಾರದೆ ಚಿಕ್ಕಮ್ಮ ಕಟ್ಟಿಗೆ ಕೊಟ್ಟಿಗೆಯಲ್ಲಿ ಇಡಿಸಿದ್ದರು. ಅವನ್ನೇ ತೊಳೆದು ಹಾಕಿಕೊಟ್ಟೆ. ಅವನಿಗೆ 16 ಇಂಚು ಬೇಕೇ ಬೇಕು ಎನ್ನಿಸಿದರೆ 195/50 ಆರ್16 ಇದೆ, ವ್ಯಾಸ 601 ಬರುತ್ತದೆ, 84 ಅಂಕಿಯದ್ದೇ ಹುಡುಕಬೇಕು, ಆಫ್‌ಸೆಟ್ ಕಂಪನಿಯದ್ದರ ಹತ್ತಿರವೇ ಇರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಸದ್ಯಕ್ಕೆ ಆ ಮಾತನ್ನು ಅವನು ಎತ್ತುತ್ತಿಲ್ಲ. 17 ಇಂಚಿನ ಮೂರು ರಿಮ್ ನಮ್ಮ ಅಂಗಡಿಯ ಹಿಂದೆ ಗೋಣಿ ಹೊದ್ದು ಕೂತಿವೆ. ಅವುಗಳ ಕಂತು ಇನ್ನೂ ಹನ್ನೊಂದು ಬಾಕಿ ಇದೆ, ಆ ಕಮಿಷನ್ ಹಣವನ್ನು ಮೊದಲ ಕಂತಿಗೆ ನಾನು ಕೊಟ್ಟೆ.