ತೊಟ್ಟಿಯ ಮುಚ್ಚಳ

2024ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗನೆ ಹಿಂದಿರುಗಿದ ನಾನು ನಮ್ಮ ತಾಯಿಯವರನ್ನು ಮನೆಯೊಳಗೆಲ್ಲ ಹುಡುಕಿ, ಕೊನೆಗೆ ಹಿತ್ತಿಲಿನಲ್ಲಿ ಕಂಡೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಕರಿಬೇವಿನ ಗಿಡದ ಅರೆನೆರಳಿನಲ್ಲಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದರು. ಅರವತ್ತಾರು ವರ್ಷದ ಜೀವ. "ಒಳಗೆ ಇರಲಾಗಲಿಲ್ಲ ಕಣೋ, ತಲೆ ಸುತ್ತಿ ಬಂತು" ಎಂದರು. ಒಳಗೆ ಮೂರು ಫ್ಯಾನುಗಳು ಯಾರಿಗೂ ಅಲ್ಲದೆ ತಿರುಗುತ್ತಿದ್ದುವು. ಬಿಸಿಲಿಗೆ ಹೆದರಿ ಮನೆಯೊಳಕ್ಕೆ ಸೇರುವುದು ಲೋಕರೂಢಿ. ಮನೆಗೆ ಹೆದರಿ ಹೊರಕ್ಕೆ ಓಡುವ ಪರಿಸ್ಥಿತಿ ನಮಗೆ ಬಂದೊದಗಿತ್ತು.

ನಂಜನಗೂಡಿನ ಹಳೆಯ ಬೀದಿಯೊಂದರಲ್ಲಿರುವ ಈ ಮನೆಯನ್ನು ಕಟ್ಟಿಸಿದವರು ನಮ್ಮ ಅಜ್ಜ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಸೂರು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ನಾಲ್ಕು ಕಡೆಗೂ ಪಡಸಾಲೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟವನ್ನು ಹತ್ತಿ ಬಂದು ನಮ್ಮ ಕಡೆಯ ನಾಡಹೆಂಚನ್ನು ಮೂಲೆಗೆ ತಳ್ಳಿತು. ಅಜ್ಜನ ಕಾಲಕ್ಕೆ ಅದೇ ಅಂತಸ್ತಿನ ಗುರುತು. ಆಮೇಲಿನ ಅಂತಸ್ತು ಸಿಮೆಂಟಿನದು. ನಮ್ಮ ತಂದೆಯವರು 1996ರಲ್ಲಿ ಮುಂದಿನ ಹಜಾರದ ಹೆಂಚನ್ನು ಇಳಿಸಿ ತಾರಸಿ ಹಾಕಿಸಿದರು. ತೊಟ್ಟಿಯ ಮೇಲೆ ಕಬ್ಬಿಣದ ತೊಲೆಗಳನ್ನಿರಿಸಿ ಸಿಮೆಂಟು ಶೀಟಿನಿಂದ ಮುಚ್ಚಿಸಿದರು. ಗೋಡೆಯ ನೆತ್ತಿಯಲ್ಲಿದ್ದ ಗವಾಕ್ಷಿಗಳಿಗೆ ಇಟ್ಟಿಗೆ ತುಂಬಿಸಿದರು. ಅಂದಿನಿಂದ ನಮ್ಮ ನಡುಮನೆಯಲ್ಲಿ ನಡುಹಗಲಿನಲ್ಲಿಯೂ ದೀಪ ಉರಿಯಬೇಕು.

ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ಎರಡು ಉಷ್ಣಮಾಪಕಗಳನ್ನು ಕೊಟ್ಟರು. ಒಂದನ್ನು ಹಿತ್ತಿಲಿನ ನೆರಳಿನಲ್ಲಿಯೂ ಇನ್ನೊಂದನ್ನು ಹಜಾರದಲ್ಲಿಯೂ ತೂಗುಹಾಕಿದೆ. ಮಧ್ಯಾಹ್ನ ಮೂರು ಗಂಟೆಗೆ ಹೊರಗೆ 37 ಡಿಗ್ರಿ, ಒಳಗೆ 36. ಇದು ಆಶ್ಚರ್ಯದ ಸಂಗತಿಯಲ್ಲ. ಆಶ್ಚರ್ಯವಾದುದು ರಾತ್ರಿ ಹತ್ತು ಗಂಟೆಗೆ: ಹೊರಗೆ 27ಕ್ಕೆ ಇಳಿದಿದ್ದರೂ ಒಳಗೆ 34! ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ನಿಧಾನವಾಗಿ ಕಾರುತ್ತದೆ. ಕಾರಿದ ಬಿಸಿ ಹೊರಕ್ಕೆ ಹೋಗಲು ದಾರಿ ಇದ್ದರೆ ಸರಿ. ಇಲ್ಲವಾದರೆ ಮಲಗಿದವರ ಪಾಲಿಗೆ ಅದು ಆರದ ಒಲೆ. ಫ್ಯಾನು ಆ ಬಿಸಿಗಾಳಿಯನ್ನೇ ಕಡೆಯುತ್ತದೆ.

ಏ.ಸಿ. ತಂದುಬಿಡೋಣ ಎಂದು ನಿಶ್ಚಯಿಸಿದೆ. ನೆರೆಮನೆಯವರು ಕೂಡ ಅದನ್ನೇ ಹೇಳಿದರು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ಬೀದಿಯಲ್ಲಿ ವಿದ್ಯುತ್ತಿನ ಲೆಕ್ಕ ಹಾಕುವವರೇ ಇಲ್ಲ. ಬಿಲ್ಲು ಶೂನ್ಯವಾದ ಮೇಲೆ ಉಳಿತಾಯವೆಂಬ ಮಾತಿಗೆ ಅರ್ಥವೇನು ಎಂಬುದು ಅವರ ತರ್ಕ. ಆದರೆ ಕಾಗದದ ಮೇಲೆ ಬರೆದು ನೋಡಿದೆ. ಏ.ಸಿ. ಗಂಟೆಗೆ ಒಂದು ಯೂನಿಟ್ಟು ನುಂಗುತ್ತದೆಂದು ಹಿಡಿದರೂ ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 240 ಯೂನಿಟ್ಟು. ಆ ಯೋಜನೆಯ ಗಡಿಯೇ 200. ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಯ ಮೇಲೆ. ಅದಿರಲಿ, ಏ.ಸಿ. ಇಟ್ಟ ಕೋಣೆಯೊಂದನ್ನು ಬಿಟ್ಟು ಮಿಕ್ಕ ಮನೆ ಮೊದಲಿನ ಹಾಗೆಯೇ ಬೇಯುತ್ತಿರುತ್ತದೆ. ನಮ್ಮ ತಾಯಿಯವರು ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿರುವವರಲ್ಲ.

ಊರಿನ ಹಳೆಯ ಗಾರೆ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಮನೆಯನ್ನೆಲ್ಲ ಒಂದು ಸುತ್ತು ಬಂದು, ತೊಟ್ಟಿಯಲ್ಲಿ ನಿಂತು ಮೇಲೆ ನೋಡಿ, "ಮೂಗು ಬಾಯಿ ಎರಡೂ ಕಟ್ಟಿಬಿಟ್ಟು, ಉಸಿರು ಬರಲ್ಲ ಅಂದ್ರೆ ಹೆಂಗೆ ಸ್ವಾಮಿ?" ಎಂದರು. ಬಿಸಿಯಾದ ಗಾಳಿ ಹಗುರವಾಗಿ ಮೇಲಕ್ಕೇರಿ ತೊಟ್ಟಿಯ ಬಾಯಿಯಿಂದ ಹೊರಟುಹೋಗುತ್ತದೆ. ಹೋದ ಗಾಳಿಯ ಜಾಗಕ್ಕೆ ಬೀದಿ ಬಾಗಿಲು, ಹಿತ್ತಿಲ ಬಾಗಿಲುಗಳಿಂದ ತಂಪುಗಾಳಿ ನುಗ್ಗುತ್ತದೆ. ರಾತ್ರಿಯ ತಂಪು ನೇರವಾಗಿ ತೊಟ್ಟಿಯೊಳಕ್ಕೆ ಇಳಿದು, ದಪ್ಪ ಗೋಡೆಗಳು ಅದನ್ನು ಮರುದಿನದ ಮಧ್ಯಾಹ್ನದವರೆಗೆ ಹಿಡಿದಿರಿಸುತ್ತವೆ. ಇಷ್ಟನ್ನು ತಿಳಿದವನಂತೆ ನಾನು ಮೇಸ್ತ್ರಿಯ ಮುಂದೆ ಸ್ವಲ್ಪ ಪಾಂಡಿತ್ಯವನ್ನೂ ಪ್ರದರ್ಶಿಸಿ, "ನಮ್ಮ ತಂದೆಯವರಿಗೆ ಇದೆಲ್ಲ ಹೊಳೆಯಲಿಲ್ಲ, ಯಾರನ್ನೋ ನೋಡಿ ಮಾಡಿಸಿಬಿಟ್ಟರು. ಕಿತ್ತು ಹಾಕಿ" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, ಮೇಸ್ತ್ರಿ ಹೋಗುವವರೆಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಹೇಳಿದರು: "ನಿಮ್ಮಪ್ಪ ಯಾರನ್ನೂ ನೋಡಿ ಮಾಡಿಸಿದ್ದಲ್ಲ. ನನಗೋಸ್ಕರ ಮುಚ್ಚಿಸಿದ್ದು."

ನಾನು ಚಿಕ್ಕವನಾಗಿದ್ದಾಗ ಅಮ್ಮನ ಬಲಗೈಗೆ ಕಟ್ಟು ಹಾಕಿದ್ದುದು ಮಸುಕಾಗಿ ನೆನಪಿತ್ತು. ಅದಕ್ಕೂ ಶೀಟಿಗೂ ಸಂಬಂಧವಿದೆಯೆಂಬುದು ತಿಳಿದಿರಲಿಲ್ಲ. ಮಳೆಗಾಲದಲ್ಲಿ ತೊಟ್ಟಿಯ ಕಲ್ಲುಗಳು ಪಾಚಿ ಕಟ್ಟುತ್ತಿದ್ದುವಂತೆ. ಅಡುಗೆಮನೆಯಿಂದ ಬಚ್ಚಲುಮನೆಗೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು. ಒಂದು ಸಂಜೆ ಬಿಸಿನೀರಿನ ಕೊಳದಪ್ಪಲೆ ಹಿಡಿದು ಜಾರಿಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಅದಕ್ಕೆ ಮೊದಲು ಪ್ರತಿ ಮಳೆಯ ಅನಂತರ ನೀರು ಬಳಿದು ಹಾಕಿದವರು, ಕೋತಿಗಳನ್ನು ಅಟ್ಟಿದವರು, ಒಣಗಲು ಹರವಿದ ಹಪ್ಪಳವನ್ನು ಓಡೋಡಿ ಎತ್ತಿದವರು ಯಾರು? ಹಳೆಯ ಮನೆಗಳ ತಂಪನ್ನು ನಾವು ಗಂಡಸರು ಕೊಂಡಾಡುತ್ತೇವೆ. ಆ ತಂಪಿಗೆ ಬೆಲೆ ತೆತ್ತವರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತವರು. ಅಂದು ರಾತ್ರಿ ನನಗೆ ನಿದ್ದೆ ಬಾರದಿದ್ದುದಕ್ಕೆ ಸೆಕೆಯೊಂದೇ ಕಾರಣವಲ್ಲ.

ಮರುದಿನ ಮೇಸ್ತ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಗಲ್ಲ ಕೆರೆದುಕೊಂಡು, "ಹಂಗಾದ್ರೆ ಕೀಳೋದು ಬ್ಯಾಡ, ಎತ್ತೋಣ" ಎಂದರು. ಅದೇ ತೊಲೆಗಳನ್ನು ಹೆಂಚಿನ ಸೂರಿಗಿಂತ ಮೂರಡಿ ಮೇಲಕ್ಕೆ ಎತ್ತಿ, ಇಳಿಜಾರು ಮಾಡಿ, ಮೇಲೆ ಮಂಗಳೂರು ಹೆಂಚು, ನಡುನಡುವೆ ಬೆಳಕಿಗೆ ನಾಲ್ಕು ಗಾಜಿನ ಹೆಂಚು. ಸುತ್ತಲಿನ ಮೂರಡಿ ಸಂದಿಗೆ ಕೋತಿ ತೂರದಂತೆ ತಂತಿ ಬಲೆ. ಮಳೆ ಹೊರಗೆ, ಬಿಸಿಗಾಳಿಯೂ ಹೊರಗೆ. ರಾತ್ರಿಯ ತಂಪು ತೆರೆದ ತೊಟ್ಟಿಯಲ್ಲಿ ಇಳಿಯುವಷ್ಟು ಇಳಿಯಲಾರದು, ನಿಜ, ಅಷ್ಟನ್ನು ಬಿಟ್ಟುಕೊಟ್ಟೆವು. ತಂದೆಯವರ ತೊಲೆಗಳು ಉಳಿಯುತ್ತವೆಂದು ತಿಳಿದ ಮೇಲೆ ಅಮ್ಮ ಒಪ್ಪಿದರು.

ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿಸಿದೆವು. ಹಳೆಯ ಸಿಮೆಂಟು ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಇಂಥ ಕೆಲಸಕ್ಕೆ ಕೈಹಾಕುವವರು ಶೀಟನ್ನು ಒಡೆಯಕೂಡದು. ನೀರು ಚಿಮುಕಿಸಿ, ಮುಖಕ್ಕೆ ತಕ್ಕ ಮುಸುಕು ಕಟ್ಟಿಕೊಂಡು, ಇಡಿಯಾಗಿ ಇಳಿಸಬೇಕು. ಗವಾಕ್ಷಿಗಳ ಇಟ್ಟಿಗೆ ತೆಗೆಸಿದೆವು. ಮಣ್ಣಿನ ಗೋಡೆಗೆ ಬಳಿದಿದ್ದ ಸಿಮೆಂಟು ಗಾರೆ ತೇವವನ್ನು ಒಳಗೇ ಹಿಡಿದು ಹಪ್ಪಳದಂತೆ ಏಳುತ್ತಿತ್ತು. ಅದನ್ನು ಉದುರಿಸಿ ಸುಣ್ಣದ ಗಾರೆ ಮಾಡಿಸಿದೆವು. ಹಜಾರದ ತಾರಸಿಯನ್ನು ಒಡೆಯುವಷ್ಟು ಹಣವಿರಲಿಲ್ಲ. ಅದರ ಮೇಲೆ ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಸಿದೆವು. ಬಿಳುಪು ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಎಸೆಯುತ್ತದೆ, ಆದರೆ ಮಳೆಗೆ ತೊಳೆದು ಹೋಗುವುದರಿಂದ ವರ್ಷವರ್ಷವೂ ಬಳಿಯಬೇಕು. ಆ ತಾರಸಿ ಇನ್ನೊಂದು ಉಪಕಾರಕ್ಕೂ ಬಂತು: ಸೌರ ನೀರೊಲೆಯನ್ನು ಅದರ ಮೇಲೆಯೇ ಕೂರಿಸಿದೆವು. ಹೆಂಚಿನ ಮೇಲೆ ಅಷ್ಟು ಭಾರ ಹೊರಿಸುವಂತಿರಲಿಲ್ಲ. ಮೋಡದ ದಿನಗಳಿಗೆಂದು ಅಮ್ಮ ಬಚ್ಚಲಿನ ಹಂಡೆಯನ್ನು ಬಿಟ್ಟುಕೊಟ್ಟಿಲ್ಲ.

ಹಳೆಯ ಫ್ಯಾನು 75 ವಾಟಿನದು, ಹೊಸ ಬಗೆಯದು 28 ವಾಟಿನದು. ಮೂರು ಫ್ಯಾನು ದಿನಕ್ಕೆ 14 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 60 ಯೂನಿಟ್ಟು ಉಳಿಯುತ್ತದೆ. ಈಗ ಅಷ್ಟು ಹೊತ್ತು ತಿರುಗಬೇಕಾದ ಪ್ರಮೇಯವೂ ಇಲ್ಲ. ಎಲ್ಲ ಸೇರಿ ಒಂದು ಲಕ್ಷದ ಅರವತ್ತು ಸಾವಿರ ರೂಪಾಯಿ ಖರ್ಚಾಯಿತು. ಏ.ಸಿ.ಗಿಂತ ಅಗ್ಗವೆಂದು ಹೇಳಿದರೆ ಸುಳ್ಳಾದೀತು.

2025ರ ಏಪ್ರಿಲ್ಲಿನಲ್ಲಿ ಅದೇ ಉಷ್ಣಮಾಪಕಗಳನ್ನು ಅದೇ ಮೊಳೆಗಳಿಗೆ ತೂಗುಹಾಕಿದೆ. ಹೊರಗೆ 36 ಇದ್ದ ಮಧ್ಯಾಹ್ನ ಹಜಾರದಲ್ಲಿ 32. ರಾತ್ರಿ ಹತ್ತಕ್ಕೆ 29. ಅಮ್ಮನಿಗೆ ಈ ಅಂಕಿಗಳ ಗೊಡವೆಯಿಲ್ಲ. ಊಟವಾದ ಮೇಲೆ ತೊಟ್ಟಿಯ ಪಕ್ಕದ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ಚೌಕ ಕಾಲಿನ ಬಳಿಗೆ ಬರುವವರೆಗೂ ಮಲಗುತ್ತಾರೆ.

ಮೇ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಗಾಳಿಯೊಡನೆ ಓರೆಯಾಗಿ ಹೊಡೆಯಿತು. ನಾನು ಪುಸ್ತಕ ಮುಚ್ಚಿ ಬರುವಷ್ಟರಲ್ಲಿ ಅಮ್ಮ ಒರೆಸುವ ಬಟ್ಟೆ ಹಿಡಿದು ತೊಟ್ಟಿಯ ಅಂಚಿನಲ್ಲಿ ನಿಂತಿದ್ದರು. ಪಡುವಣ ಮೂಲೆಯಲ್ಲಿ ಒಂದು ಮಾರಿನಷ್ಟು ಕಲ್ಲು ನೆನೆದಿತ್ತು. ಅದನ್ನು ಬಹಳ ಹೊತ್ತು ನೋಡಿ, "ಈ ಕಡೆ ಸೂರು ಇನ್ನೊಂದು ಗೇಣು ಮುಂದಕ್ಕೆ ಬರಬೇಕಾಗಿತ್ತು. ನಿಮ್ಮಪ್ಪನಾಗಿದ್ದರೆ ಅಳತೆ ಹಿಡಿದೇ ಹಾಕಿಸುತ್ತಿದ್ದರು" ಎಂದರು. ಸೋಮವಾರ ಬರುವಂತೆ ಮೇಸ್ತ್ರಿಗೆ ಹೇಳಿ ಕಳುಹಿಸಿದೆ.