ದೂರು ಚಿಕ್ಕದಾಗಿರಲಿ

ಪಾಶ್ಚಾತ್ಯ ಸಂಗೀತದ ಸ್ವರಲಿಪಿಯನ್ನು ಅಂದವಾಗಿ ಮುದ್ರಿಸಿಕೊಡುವ ಉಚಿತ ತಂತ್ರಾಂಶ ಲಿಲಿಪಾಂಡ್. ಹಾಲೆಂಡಿನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜೆನ್ 1996ರಲ್ಲಿ ಇದನ್ನು ಆರಂಭಿಸಿದರು. ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದರೆ ಸಾಕು, ಐದು ಗೆರೆಗಳ ಮೇಲೆ ಅದೇ ಜೋಡಿಸುತ್ತದೆ.

ಪಿಯಾನೊ ಕಲಿಯುವ ಹುಡುಗಿಯೊಬ್ಬಳು 256 ಬಾರ್‌ಗಳ (ಬಾರ್ ಎಂದರೆ ಸುಮಾರಾಗಿ ನಮ್ಮ ಆವರ್ತ) ಕೃತಿಯನ್ನು ಹೀಗೆ ಟೈಪು ಮಾಡಿದಳೆನ್ನಿ. ಅಚ್ಚಾದ ಹಾಳೆಯಲ್ಲಿ ಎಫ್ ಸ್ವರದ ಪಕ್ಕ ಬೇಡದ ನ್ಯಾಚುರಲ್ ಚಿಹ್ನೆ! ಇಡೀ ಕಡತವನ್ನೇ ಲಗತ್ತಿಸಿ 'ಸರಿಯಾಗಿ ಬರುತ್ತಿಲ್ಲ' ಎಂದು ಬರೆದರೆ ಓದುವವರಾರು? ತಿದ್ದುವವರಲ್ಲಿ ಹೆಚ್ಚಿನವರು ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು.

ಮೂಲವನ್ನು ಜೋಪಾನವಾಗಿಟ್ಟು, ಅದರ ಪ್ರತಿಯಲ್ಲಿ ಅರ್ಧದಷ್ಟು ಬಾರ್‌ಗಳನ್ನು ಅಳಿಸಬೇಕು. ತಪ್ಪು ಉಳಿದಿದೆಯೇ? ಮತ್ತೆ ಅರ್ಧ ಅಳಿಸಿ. ಮಾಯವಾಯಿತೇ? ಅಳಿಸಿದ್ದನ್ನು ಮರಳಿಸಿ, ಇನ್ನರ್ಧ ತೆಗೆಯಿರಿ. ಎಂಟು ಸಲ ಕತ್ತರಿಸಿದರೆ 256 ಒಂದಕ್ಕಿಳಿಯುತ್ತದೆ. ದೂರದ ಎರಡು ಸಾಲುಗಳು ಸೇರಿ ತಪ್ಪಾಗಿದ್ದರೆ ಮಾತ್ರ ಇಷ್ಟು ಸಲೀಸಲ್ಲ. ಒಂದೊಂದೇ ಸಾಲು ತೆಗೆದು ನೋಡುವ ತಾಳ್ಮೆ ಬೇಕು. ಶೀರ್ಷಿಕೆ, ಸಾಹಿತ್ಯ, ಬೆರಳಿನ ಗುರುತುಗಳೂ ಹೋಗಲಿ. ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಮಾತ್ರ ಅಳಿಸಬಾರದು. ಆ ತಪ್ಪು ಹೊಸ ಆವೃತ್ತಿಯಲ್ಲಿ ಆಗಲೇ ಸರಿಹೋಗಿರಬಹುದು.

ಹುಡುಗಿಯ ಬಳಿ ಕೊನೆಗೆ ಆವೃತ್ತಿಯ ಕೆಳಗೆ ಉಳಿದದ್ದು ಎರಡೇ ಸಾಲು: ಜಿ ಮೇಜರ್ ಎಂಬ ಸೂಚನೆ, ಒಂದು ಎಫ್. ಸೂಚನೆ ಅಳಿಸಿದರೆ ಚಿಹ್ನೆಯೂ ಮಾಯ! ಕೈಪಿಡಿ ತೆರೆದಾಗ ಗುಟ್ಟು ತಿಳಿಯಿತು. ಜಿ ಮೇಜರ್ ಎಂದ ಮಾತ್ರಕ್ಕೆ ಎಫ್ ತಾನಾಗಿ ಎಫ್ ಶಾರ್ಪ್ ಆಗದು; ಡಚ್ಚರ ರೂಢಿಯಂತೆ 'ಫಿಸ್' ಎಂದೇ ಟೈಪು ಮಾಡಬೇಕು. ದೂರು ಕಳಿಸುವ ಪ್ರಮೇಯವೇ ಬರಲಿಲ್ಲ.