ಚೀಲದ ಮೇಲಿನ ಶೇ 20

ಬೆಳಗಾದರೆ ಡೈರಿಗೆ ಹಾಲು ಹಾಕುವ ರೈತ ಪರೀಕ್ಷೆಗೆ ಒಳಗಾಗುತ್ತಾನೆ. ಕೊಬ್ಬು ಎಷ್ಟು, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಎಷ್ಟು ಎಂದು ಯಂತ್ರ ಹೇಳಿದ ಮೇಲೆಯೇ ದರ. ಅದೇ ರೈತ ಕೊಳ್ಳುವ ಪಶು ಆಹಾರದ ಚೀಲಕ್ಕೆ ಮಾತ್ರ ಇಂಥ ಕಟ್ಟುನಿಟ್ಟು ಇಲ್ಲ. ‘ಕಚ್ಚಾ ಪ್ರೋಟೀನ್ ಶೇ 20’ ಎಂದು ಅಚ್ಚಾಗಿದ್ದರೆ ಮುಗಿಯಿತು, ನಂಬಬೇಕು.

ಆ ಅಂಕಿ ಹುಟ್ಟುವ ಬಗೆಯನ್ನು ನೋಡಿ. ಮೆಕ್ಕೆಜೋಳವನ್ನೋ ಹಿಂಡಿಯನ್ನೋ ನುಣ್ಣಗೆ ಪುಡಿ ಮಾಡಿ, ಸುಮಾರು ಒಂದು ಗ್ರಾಂ ತೂಗಿ, ಉದ್ದ ಕತ್ತಿನ ಗಾಜಿನ ಪಾತ್ರೆಯಲ್ಲಿ ಸಲ್ಫ್ಯೂರಿಕ್ ಆಮ್ಲದೊಂದಿಗೆ ಕುದಿಸುತ್ತಾರೆ. ಮೊದಲು ಕಪ್ಪಗಾಗುವ ದ್ರವ ನಿಧಾನಕ್ಕೆ ತಿಳಿಯಾಗುತ್ತದೆ. ಕ್ಷಾರ ಬೆರೆಸಿ ಬಟ್ಟಿ ಇಳಿಸಿದಾಗ ಅಮೋನಿಯಾ ಹೊರಬರುತ್ತದೆ, ಅದರಿಂದ ಸಾರಜನಕದ ಲೆಕ್ಕ. ಪ್ರೋಟೀನಿನಲ್ಲಿ ಸರಾಸರಿ ಶೇ 16ರಷ್ಟು ಸಾರಜನಕ ಇರುತ್ತದೆಂದು ಹಿಡಿದು, ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ಇದನ್ನು 1883ರಲ್ಲಿ ರೂಪಿಸಿದ್ದು ಬಿಯರ್ ತಯಾರಿಕೆಯ ಧಾನ್ಯಕ್ಕಾಗಿ. ಹಸುವಿನ ಹೊಟ್ಟೆ ಆಗ ಅವರ ಚಿಂತೆಯಾಗಿರಲಿಲ್ಲ!

ಸಾರಜನಕ ಎಲ್ಲಿಂದ ಬಂತೆಂದು ಈ ಪರೀಕ್ಷೆ ಕೇಳುವುದಿಲ್ಲ. ಯೂರಿಯಾದಲ್ಲಿ ಅದು ಶೇ 46ರಷ್ಟಿದೆ, 6.25ರಿಂದ ಗುಣಿಸಿದರೆ ಯೂರಿಯಾದ ‘ಪ್ರೋಟೀನ್’ ಶೇ 287 ದಾಟುತ್ತದೆ. ನೂರು ಕೆ.ಜಿ. ಮಿಶ್ರಣದಲ್ಲಿ ಒಂದು ಕೆ.ಜಿ. ಯೂರಿಯಾ ಇದ್ದರೆ ಅಂಕಿ ಹೆಚ್ಚುಕಡಿಮೆ ಮೂರರಷ್ಟು ಏರುತ್ತದೆ. ಮೆಲುಕು ಹಾಕುವ ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಮಿತ ಪ್ರಮಾಣದ ಯೂರಿಯಾವನ್ನು ಬಳಸಿಕೊಳ್ಳುತ್ತವೆ, ನಿಜ. ಎಳೆಗರುವಿಗೂ ಕೋಳಿಗೂ ಆ ಅನುಕೂಲವಿಲ್ಲ. 2008ರಲ್ಲಿ ಚೀನಾದಲ್ಲಿ ಲಕ್ಷಾಂತರ ಮಕ್ಕಳನ್ನು ಕಾಯಿಲೆಗೆ ದೂಡಿದ ಹಾಲಿನ ಪುಡಿಯ ಮೆಲಮಿನ್ ಕಲಬೆರಕೆ ನುಸುಳಿದ್ದೂ ಇದೇ ಸಂದಿನಿಂದ.

ಮೋಸವೇ ಇಲ್ಲದಿದ್ದರೂ ಅಂಕಿ ದಾರಿ ತಪ್ಪಿಸಬಹುದು. ಎಣ್ಣೆ ತೆಗೆಯುವಾಗ ಹಿಂಡಿ ಅತಿಯಾಗಿ ಕಾದರೆ ಅದರ ಪ್ರೋಟೀನಿನ ಒಂದು ಪಾಲು ಜೀರ್ಣವಾಗದೆ ಸಗಣಿಯಲ್ಲಿ ಹೋಗುತ್ತದೆ. ಕೆಲ್ಡಾಲ್ ಲೆಕ್ಕದಲ್ಲಿ ಅದೂ ಪ್ರೋಟೀನೇ.

ಇದಕ್ಕೆ ಬೇರೆ ಪರೀಕ್ಷೆಗಳಿವೆ. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಅನಿಲ ಪರೀಕ್ಷೆ ಅಂಥದ್ದು. 200 ಮಿಲಿಗ್ರಾಂ ಪುಡಿಯನ್ನು ಹಸುವಿನ ಮೊದಲ ಹೊಟ್ಟೆಯಿಂದ ತೆಗೆದ ರಸದೊಂದಿಗೆ ಗಾಜಿನ ಸಿರಿಂಜಿಗೆ ಹಾಕಿ, 39 ಡಿಗ್ರಿ ಶಾಖದಲ್ಲಿ 24 ಗಂಟೆ ಇಡುತ್ತಾರೆ. ಸೂಕ್ಷ್ಮಜೀವಿಗಳು ತಿಂದಂತೆಲ್ಲ ಅನಿಲ ಉಬ್ಬಿ ಸಿರಿಂಜಿನ ದಂಡ ಮೇಲೇರುತ್ತದೆ. ಎಷ್ಟು ಏರಿತು ಎಂಬುದರಿಂದ ಆಹಾರ ಎಷ್ಟು ಜೀರ್ಣವಾದೀತೆಂದು ಅಂದಾಜಿಸಬಹುದು. ಬೂಷ್ಟು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯಲ್ಲಿನ ಅಫ್ಲಾಟಾಕ್ಸಿನ್ ಪತ್ತೆಗೆ ಪ್ರತ್ಯೇಕ ಪರೀಕ್ಷೆಯೇ ಬೇಕು. ಆ ವಿಷದ ಒಂದಂಶ ರೂಪ ಬದಲಿಸಿ ಹಾಲಿಗೂ ಇಳಿಯುವುದರಿಂದ ಅದನ್ನು ಬಿಡುವಂತಿಲ್ಲ.

ಈ ವಿದ್ಯೆಗಾಗಿ ದೂರ ಹೋಗಬೇಕಿಲ್ಲ. ಪಶು ಪೋಷಣೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲೇ ಇದೆ. ಧಾನ್ಯದ ಮೇಲೆ ಅವಗೆಂಪು ಬೆಳಕು ಹಾಯಿಸಿ ನಿಮಿಷಗಳಲ್ಲಿ ಅಂದಾಜು ಕೊಡುವ ಯಂತ್ರಗಳೂ ಬಂದಿವೆ. ಅವನ್ನು ಹಳೆಯ ರಾಸಾಯನಿಕ ಪರೀಕ್ಷೆಯ ಫಲಿತಾಂಶಗಳಿಗೆ ಹೊಂದಿಸಬೇಕು ಎಂಬುದೊಂದು ಷರತ್ತು. ಪ್ರತಿ ಹಾಲು ಒಕ್ಕೂಟವೂ ಇಂಥ ಒಂದು ಯಂತ್ರ ಇಟ್ಟುಕೊಂಡು, ರೈತ ತಂದ ಹಿಡಿ ಮಾದರಿಯನ್ನು ಪುಕ್ಕಟೆ ನೋಡಿಕೊಡಲಿ. ಚೀಲದ ಮೇಲೆ ಯೂರಿಯಾ ಎಷ್ಟಿದೆ, ಜೀರ್ಣವಾಗುವ ಪ್ರೋಟೀನ್ ಎಷ್ಟಿದೆ ಎಂಬುದನ್ನು ಬೇರೆಬೇರೆಯಾಗಿ ಅಚ್ಚು ಹಾಕುವುದು ಕಡ್ಡಾಯವಾಗಲಿ. ಚೀಟಿಗೂ ಮಾಲಿಗೂ ತಾಳೆಯಾಗದಿದ್ದರೆ, ಕೊಬ್ಬು ಕಡಿಮೆಯಾದ ಹಾಲಿಗೆ ದರ ಕತ್ತರಿಸುವಂತೆ ಚೀಲದ ಬೆಲೆಯನ್ನೂ ಕತ್ತರಿಸಲಿ.